ಗೋಡೆಯ ಮೇಲಿನ ಸುಣ್ಣದ ಗುರುತು

ನಮ್ಮ ಬದಿಯಡ್ಕ ಕಡೆ ಕಬಡ್ಡಿ ಆಡುವವರಲ್ಲಿ ಒಂದು ಮಾತಿದೆ: ಜಿಮ್ಮಿಗೆ ಹೋದರೆ ಮೈ ಮರಗಟ್ಟುತ್ತದೆ, ರೈಡರ್‌ಗೆ ಓಟ ಹೋಗುತ್ತದೆ. ಅಡಿಕೆ ಗೋಣಿ ಹೊರುವವನಿಗೆ ಜಿಮ್ ಯಾಕೆ ಅಂತ ನಾನೂ ಸುಮ್ನಿದ್ದೆ. ತೊಡೆಯ ಹಿಂದಿನ ಸ್ನಾಯು ಎರಡು ಸಲ ಕೈಕೊಟ್ಟಿತು. ಒಂದು ಸೀಸನ್ನಿಡೀ ಗದ್ದೆ ಹುಣಿಯಲ್ಲಿ ಕೂತು ಪಂದ್ಯ ನೋಡಿದೆ. ಆಮೇಲೆ ಬುದ್ಧಿ ಬಂತು.

ಮೊದಲ ತಿಂಗಳು ಹಾಳು. ಕನ್ನಡಿ ಮುಂದೆ ಬರೀ ಬೆಂಚ್ ಪ್ರೆಸ್, ಅಂದರೆ ಮಲಗಿಕೊಂಡು ಎದೆಯ ಮೇಲಿಂದ ಭಾರ ಎತ್ತುವುದು. ಎದೆ ಚಂದ ಕಂಡಿತು, ಅಷ್ಟೇ. 30 ಸೆಕೆಂಡಿನ ರೈಡ್‌ನಲ್ಲಿ ದುಡಿಯುವುದು ಕಾಲು, ಸೊಂಟ ಅಲ್ವಾ?

ಆಮೇಲೆ ಸ್ಕ್ವಾಟ್ (ಹೆಗಲಲ್ಲಿ ಭಾರ ಹೊತ್ತು ಕೂತೇಳುವುದು), ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತಿ ನಿಲ್ಲುವುದು), ನಾರ್ಡಿಕ್ ಹಿಡಿದೆ. ವಾರಕ್ಕೆ ಎರಡೇ ದಿನ, ನಡುವೆ 48 ಗಂಟೆಗೆ ಕಡಿಮೆಯಿಲ್ಲದ ಬಿಡುವು. ಸ್ಕ್ವಾಟ್ 40 ಕಿಲೋದಿಂದ ಶುರು. 5 ಸಲದಂತೆ 4 ಸೆಟ್ ಸರಿಯಾಗಿ ಮುಗಿದರೆ ಮಾತ್ರ ಮುಂದಿನ ವಾರ ಎರಡೂವರೆ ಕಿಲೋ ಜಾಸ್ತಿ. ಐದು ತಿಂಗಳಲ್ಲಿ 80 ಮುಟ್ಟಿದೆ. ಮೈತೂಕ ಏರಿದ್ದು ಒಂದೇ ಕಿಲೋ! ಮೊದಮೊದಲು ಸ್ನಾಯು ಅಷ್ಟೇನೂ ದಪ್ಪ ಆಗುವುದಿಲ್ಲ. ಇರುವ ಸ್ನಾಯುವನ್ನು ಪೂರ್ತಿ ಎಬ್ಬಿಸಿ ದುಡಿಸಲು ನರಗಳು ಕಲಿಯುತ್ತವೆ.

ನಾರ್ಡಿಕ್‌ಗೆ ತೂಕ ಬೇಡ. ಮಂಡಿಯೂರಿ ಕೂರಬೇಕು, ತಮ್ಮ ಹಿಮ್ಮಡಿ ಒತ್ತಿ ಹಿಡಿಯುತ್ತಾನೆ, ಸೊಂಟ ಮಡಚದೆ ನಿಧಾನಕ್ಕೆ ಮುಂದಕ್ಕೆ ಬೀಳಬೇಕು. "ಯಾವ ದೇವರಿಗೆ ಅಡ್ಡಬೀಳುವುದು ಇದು?" ಅಂತ ಅಜ್ಜಿ ಕೇಳಿದರು. ಫುಟ್‌ಬಾಲ್ ಆಟಗಾರರಲ್ಲಿ ತೊಡೆಯ ಹಿಂದಿನ ಸ್ನಾಯುವಿನ ಗಾಯ ಇದರಿಂದ ಹತ್ತಿರ ಹತ್ತಿರ ಅರ್ಧಕ್ಕೆ ಇಳಿದದ್ದುಂಟು. ನನಗಂತೂ ಮತ್ತೆ ನೋವು ಬಂದಿಲ್ಲ.

ಲೆಕ್ಕ ಇಟ್ಟದ್ದು ಮನೆ ಗೋಡೆಯಲ್ಲಿ. ಬೆರಳಿಗೆ ಸುಣ್ಣ ಹಚ್ಚಿ ನೆಗೆದು ಗುರುತು ಹಾಕುವುದು. ಜಿಗಿತ 44 ಸೆಂಟಿಮೀಟರಿನಿಂದ 46 ಆಯಿತು, ಅಲ್ಲೇ ನಿಂತಿತು. ಎತ್ತುವ ತೂಕ ಏರುತ್ತಿದೆ, ಗುರುತು ಏರುತ್ತಿಲ್ಲ. ತಲೆಕೆಟ್ಟಿತು. ಪೂರ್ತಿ ಬಲ ಹೊರಡಲು ಸ್ನಾಯುವಿಗೆ ಕಾಲು ಸೆಕೆಂಡಿಗಿಂತ ಜಾಸ್ತಿ ಬೇಕು. ಜೋರು ಓಟದಲ್ಲಿ ಪಾದ ಅಷ್ಟು ಹೊತ್ತು ನೆಲದಲ್ಲಿ ಇರುವುದೇ ಇಲ್ಲ. ಬಲ ಬಂದರೆ ಸಾಲದು, ಬೇಗ ಬರಬೇಕು. ತೂಕದ ದಿನಗಳಿಗೇ ನೆಗೆತ, 10 ಮೀಟರಿನ ಓಟ ಸೇರಿಸಿದೆ. ಎರಡು ತಿಂಗಳಲ್ಲಿ ಗುರುತು 50ಕ್ಕೆ ಹೋಯಿತು.

ಪಂದ್ಯದ ಮುನ್ನಾದಿನ ಭಾರದ ಸ್ಕ್ವಾಟ್ ಮಾಡಿ ಒಮ್ಮೆ ಕಾಲೆಳೆದುಕೊಂಡು ಆಡಿದ್ದೂ ಇದೆ. ಈಗ ಮೂರು ದಿನ ಮೊದಲೇ ನಿಲ್ಲಿಸುತ್ತೇನೆ.

ಮೊನ್ನೆ ರಾತ್ರಿ ಪಂದ್ಯದಲ್ಲಿ ಒಬ್ಬ ಪಾದ ಹಿಡಿದ. ಅವನನ್ನೂ ಎಳೆದುಕೊಂಡು ನಡುಗೆರೆ ಮುಟ್ಟಿದೆ. ಮುಂದಿನ ರೈಡ್‌ನಲ್ಲಿ ಮೂವರು ಮೈಮೇಲೆ ಬಿದ್ದರು. ಏಳಲಾಗಲಿಲ್ಲ.