ವಿಯೆಟ್ನಾಂ ರೆಸ್ಕ್ಯೂ ರೇಡಿಯೋ: ಯಾರು ಮಾತಾಡ್ತಿದಾರೆ ಅಂತ ಗುರುತು ಹಿಡಿಯೋದು ಹೇಗೆ
ವಿಯೆಟ್ನಾಂ ಯುದ್ಧದ ಹಳೇ ರೆಸ್ಕ್ಯೂ ರೆಕಾರ್ಡಿಂಗ್ ಕೇಳೋಕೆ ಕೂತ್ರೆ ಮೊದಲು ಕಾಲ್‌ಸೈನ್ (ರೇಡಿಯೋದಲ್ಲಿ ಬಳಸೋ ಗುರುತಿನ ಹೆಸರು) ತಿಳ್ಕೊಳ್ಳಿ, ಇಲ್ಲಾಂದ್ರೆ ತಲೆಬುಡ ಗೊತ್ತಾಗಲ್ಲ. ಜಾಲಿ ಗ್ರೀನ್ ಅಂದ್ರೆ ಎತ್ಕೊಂಡು ಹೋಗೋ ಹೆಲಿಕಾಪ್ಟರ್, ಪೆಡ್ರೋ ಅಂದ್ರೆ ಬೇಸ್ ಹತ್ರದ ಚಿಕ್ಕ ಎಚ್‌ಎಚ್-43 ಹೆಲಿಕಾಪ್ಟರ್, ಕಿಂಗ್ ಅಂದ್ರೆ ದೂರದಲ್ಲಿ ಸುತ್ತುತ್ತಾ ಎಲ್ಲರನ್ನೂ ಕೋಆರ್ಡಿನೇಟ್ ಮಾಡೋ ಎಚ್‌ಸಿ-130 ವಿಮಾನ.

ಸ್ಯಾಂಡಿ ಮಾತನ್ನ ಮಾತ್ರ ಕಿವಿಗೊಟ್ಟು ಕೇಳಿ. ಅದು ಎ-1 ಸ್ಕೈರೈಡರ್ ಅನ್ನೋ ದಾಳಿ ವಿಮಾನ, ತಗ್ಗಲ್ಲಿ ಹಾರಿ ಶತ್ರು ಗನ್ ಎಲ್ಲಿದೆ ನೋಡಿ, ವಿಮಾನ ಬಿದ್ದು ಕೆಳಗೆ ಸಿಕ್ಕಿಕೊಂಡಿರೋ ಪೈಲಟ್ ಮೊದಲೇ ಬರೆದುಕೊಟ್ಟಿದ್ದ ಖಾಸಗಿ ವಿಷಯದಲ್ಲಿ ಒಂದು ಪ್ರಶ್ನೆ ಕೇಳಿ, ಅವನೇ ಅಂತ ಖಾತ್ರಿ ಆದ್ಮೇಲೇ ಜಾಲಿ ಗ್ರೀನ್‌ನ ಒಳಗೆ ಕರೀತಿದ್ದಿದ್ದು, ಯಾಕಂದ್ರೆ ಸಿಕ್ಕ ರೇಡಿಯೋ ಇಟ್ಕೊಂಡು ಬಲೆ ಬೀಸೋ ಶತ್ರುಗಳೂ ಇದ್ರು. ಎಂಥಾ ಗುಂಡಿಗೆ ನೋಡಿ!