ಗಾಲ್ಫ್ ಸ್ವಿಂಗ್‌ಗೆ ಕಾಲು ಪಳಗಿಸುವುದು ಹೇಗೆ?

ಕೋಲಾರ ಜಿಲ್ಲೆಗೆ ಗಾಲ್ಫ್ ಹೊಸದಲ್ಲ. ಚಿನ್ನದ ಗಣಿಯ ಬ್ರಿಟಿಷ್ ಅಧಿಕಾರಿಗಳು ಕೆಜಿಎಫ್‌ನಲ್ಲಿ ಮೈದಾನ ಮಾಡಿಕೊಂಡು ಆಡುತ್ತಿದ್ದರು. ಈಗ ನಮ್ಮ ಕಡೆ ಕಲಿಯಲು ಬರುವವರಲ್ಲಿ ನಾನು ಕಂಡ ಬಹುಪಾಲು ಜನ ಟೆನಿಸ್ ಬಾಲ್ ಕ್ರಿಕೆಟ್ ಆಡಿ ಬೆಳೆದವರು. ಕೈ ಚುರುಕು, ಕಣ್ಣು ಚುರುಕು. ಕಾಲು ಮಾತ್ರ ಇನ್ನೂ ಮಿಡ್‌ವಿಕೆಟ್ ಮೇಲೆ ಸಿಕ್ಸರ್ ಎತ್ತುವ ಲೆಕ್ಕದಲ್ಲಿರುತ್ತದೆ. ಚೆಂಡನ್ನು ಎತ್ತಬೇಕೆಂದು ಬಲಗಾಲಿನ ಮೇಲೆ ಹಿಂದಕ್ಕೆ ವಾಲುತ್ತಾರೆ. ಕ್ಲಬ್ (ಗಾಲ್ಫ್ ಕೋಲು) ಚೆಂಡಿಗಿಂತ ಮೊದಲೇ ನೆಲಕ್ಕೆ ಬಡಿಯುತ್ತದೆ, ಇಲ್ಲವೇ ಚೆಂಡಿನ ನೆತ್ತಿ ಸವರಿಕೊಂಡು ಹೋಗುತ್ತದೆ. ಎತ್ತುವ ಕೆಲಸವನ್ನು ಕ್ಲಬ್ಬಿನ ಓರೆ ಮುಖಕ್ಕೆ ಬಿಟ್ಟುಬಿಡಿ. ಮೈಭಾರವನ್ನು ಹೊತ್ತಿಗೆ ಸರಿಯಾಗಿ ಎಡಗಾಲಿಗೆ ದಾಟಿಸಿದರೆ ನಿಮ್ಮ ಪಾಲಿನ ಕೆಲಸ ಮುಗಿಯಿತು. ಎಡಗೈ ಆಟಗಾರರು ಮುಂದಿನದ್ದನ್ನೆಲ್ಲ ಎಡ-ಬಲ ಅದಲುಬದಲು ಮಾಡಿಕೊಂಡು ಓದಬೇಕು.

ಹಂತ 1: ಏಳನೇ ನಂಬರಿನ ಐರನ್ (ಲೋಹದ ಓರೆ ಮುಖದ, ಮಧ್ಯಮ ದೂರದ ಕ್ಲಬ್) ಹಿಡಿಯಿರಿ. ಭುಜದಷ್ಟು ಅಗಲಕ್ಕೆ ಕಾಲಿಟ್ಟು, ಎರಡೂ ಪಾದಗಳಿಗೆ ಭಾರವನ್ನು ಸಮನಾಗಿ ಹಂಚಿ ನಿಲ್ಲಿ. ಎಡಪಾದದ ತುದಿ ಗುರಿಯ ಕಡೆಗೆ ಕೊಂಚ ತಿರುಗಿರಲಿ.

ಹಂತ 2: ಕ್ಲಬ್ಬನ್ನು ಹಿಂದಕ್ಕೆ ಒಯ್ಯುವಾಗ ಒತ್ತಡವು ಬಲ ಹಿಮ್ಮಡಿಯ ಒಳಭಾಗಕ್ಕೆ ಬರಬೇಕು. ಪಾದದ ಹೊರ ಅಂಚಿಗೆ ಜಾರಿದರೆ ಸೊಂಟ ತಿರುಗುವ ಬದಲು ಪಕ್ಕಕ್ಕೆ ತೂಗಿದೆ ಎಂದರ್ಥ. ಆ ಅಂಚಿನ ಕೆಳಗೆ ಒಂದು ಗಾಲ್ಫ್ ಚೆಂಡು ಸಿಕ್ಕಿಸಿ ನಿಂತರೆ ಜಾರುವುದು ತಾನಾಗಿ ನಿಲ್ಲುತ್ತದೆ. ಎಡ ಹಿಮ್ಮಡಿ ತುಸು ಮೇಲೇಳುವುದನ್ನು ತಪ್ಪೆಂದು ಬೈಯುವವರಿದ್ದಾರೆ. ಗಾಲ್ಫ್‌ನ ಅತಿ ದೊಡ್ಡ ಪಂದ್ಯಾವಳಿಗಳಾದ ಮೇಜರ್‌ಗಳನ್ನು 18 ಸಲ ಗೆದ್ದ ಜ್ಯಾಕ್ ನಿಕ್ಲಾಸ್ ಅವರ ಎಡ ಹಿಮ್ಮಡಿಯೂ ಏಳುತ್ತಿತ್ತು. ಸೊಂಟ ಬಿಗಿಯಾಗಿರುವವರು ಧೈರ್ಯವಾಗಿ ಏಳಲು ಬಿಡಿ.

ಹಂತ 3: ಕೆಡುವುದು ಇಲ್ಲಿ. ಕ್ಲಬ್ ಪೂರ್ತಿ ಮೇಲೆ ಹೋಗಿ ನಿಂತ ಮೇಲೆ ಭಾರ ದಾಟಿಸಿದರಾಯಿತು ಎಂದು ಎಲ್ಲರೂ ಅಂದುಕೊಂಡಿರುತ್ತಾರೆ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ಹಿಂದಕ್ಕೆ ಹೋಗುತ್ತಿರುವ ಎಡತೋಳು ನೆಲಕ್ಕೆ ಸಮಾನಾಂತರವಾಗುವ ಹೊತ್ತಿಗೇ ಬಲಗಾಲಿನ ಪಾಳಿ ಮುಗಿಯಬೇಕು. ಕ್ಲಬ್ ಇನ್ನೂ ಮೇಲೇರುತ್ತಿರುವಾಗಲೇ ಒತ್ತಡ ಎಡಪಾದದತ್ತ ಹೊರಟಿರಬೇಕು. ಕೆರೆಯ ನೀರಿನ ಮೇಲೆ ಚಪ್ಪಟೆ ಕಲ್ಲು ಕುಪ್ಪಳಿಸುವಂತೆ ಎಸೆಯುವ ಹುಡುಗನನ್ನು ನೋಡಿ: ಕೈ ಹಿಂದೆಯೇ ಇರುತ್ತದೆ, ಎಡಗಾಲು ಆಗಲೇ ಮುಂದೆ ಊರಿರುತ್ತದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ಬರುತ್ತಿರುವ ಕೆರೆಗಳ ದಂಡೆಯಲ್ಲಿ ನೀವೇ ನಾಲ್ಕು ಕಲ್ಲು ಎಸೆದು ನೋಡಬಹುದು.

ಇದನ್ನು ಮೈಗೆ ಹತ್ತಿಸಲು ಹೀಗೆ ಮಾಡಿ. ಎರಡೂ ಪಾದ ಜೋಡಿಸಿ ನಿಲ್ಲಿ. ಕ್ಲಬ್ಬನ್ನು ಹಿಂದಕ್ಕೆ ಒಯ್ಯಿರಿ. ಕೈ ಎದೆಯ ಮಟ್ಟ ತಲುಪುತ್ತಿದ್ದಂತೆ, ಅದು ನಿಲ್ಲುವ ಮೊದಲೇ, ಎಡಗಾಲನ್ನು ಗುರಿಯ ಕಡೆಗೆ ಒಂದು ಹೆಜ್ಜೆ ಇಟ್ಟು ನೆಲವನ್ನು ಗಟ್ಟಿಯಾಗಿ ಒತ್ತಿ. ಆಮೇಲೆ ಕೈ ಇಳಿಯಲಿ. ಮೊದಮೊದಲು ಹೆಜ್ಜೆಯೂ ಕೈಯೂ ಒಟ್ಟಿಗೇ ಬರುತ್ತವೆ. ಬೇಸರಪಡದೆ ನಿಧಾನ ಮಾಡಿ. ಆ ನಂತರ ಕ್ಲಬ್ಬನ್ನು ತಲೆಕೆಳಗಾಗಿ ಹಿಡಿದು ಬೀಸಿ. ಸುಯ್ ಎಂಬ ಸದ್ದು ಚೆಂಡಿರಬೇಕಾದ ಜಾಗಕ್ಕಿಂತ ಮುಂದೆ ಕೇಳಿಸಿದರೆ ಸರಿ. ಬಲ ಕಿವಿಯ ಹತ್ತಿರವೇ ಕೇಳಿಸಿದರೆ ಕೈ ಅವಸರ ಮಾಡಿದೆ.

ಈ ಹೊತ್ತಿನಲ್ಲಿ ಬಲಪಾದ ಏನು ಮಾಡಬೇಕು? ಒಳ ಅಂಚಿನ ಮೇಲೆ ಎಡಕ್ಕೆ ಹೊರಳಬೇಕು. ಹಿಮ್ಮಡಿ ಕೊನೆಗೆ ತಾನಾಗಿ ಏಳುತ್ತದೆ. ಬೀಡಿ ಹೊಸಕಿದಂತೆ ಪಾದವನ್ನು ನಿಂತಲ್ಲೇ ತಿರುಗಿಸುವವರನ್ನು ವಾರಕ್ಕೊಬ್ಬರಂತೆ ಕಾಣುತ್ತೇನೆ. ಅದರಿಂದ ಮೈ ತಿರುಗಿದಂತೆ ತೋರುತ್ತದೆಯೇ ಹೊರತು ಭಾರ ಅಲ್ಲೇ ಉಳಿದಿರುತ್ತದೆ.

ತಪ್ಪು ಹಿಡಿಯಲು ನಮ್ಮ ಕೆಂಪು ಮಣ್ಣಿಗಿಂತ ಒಳ್ಳೆಯ ಸಾಧನ ನಾನು ಕಂಡಿಲ್ಲ. ಖಾಲಿ ಜಾಗದಲ್ಲಿ ಕಲ್ಲು ಆರಿಸಿ, ಮಣ್ಣು ಸಡಿಲಿಸಿ, ಅಡ್ಡಲಾಗಿ ಒಂದು ಗೆರೆ ಎಳೆಯಿರಿ. ಗೆರೆ ನಿಮ್ಮ ಎರಡು ಪಾದಗಳ ನಡುವೆ ಬರುವಂತೆ ಬರಿಗಾಲಲ್ಲಿ ನಿಂತು, ಚೆಂಡಿಲ್ಲದೆ ಬೀಸಿ. ಕ್ಲಬ್ ಗೆರೆಯ ಮೇಲೋ ಗುರಿಯ ಕಡೆಗೋ ಮಣ್ಣು ಕೆತ್ತಬೇಕು. ಹಿಂದೆ ಕೆತ್ತಿದರೆ ಭಾರ ದಾಟಿಲ್ಲ. ಹೆಜ್ಜೆ ಗುರುತನ್ನೂ ನೋಡಿ: ಬಲಪಾದದ ಹೊರ ಅಂಚು ಆಳವಾಗಿ ಒತ್ತಿದ್ದರೆ ಎರಡನೇ ಹಂತಕ್ಕೆ ವಾಪಸ್. ಮೊದಲ ಹತ್ತು ದಿನ ಚೆಂಡು ಮುಟ್ಟಲೇಬೇಡಿ. ಚೆಂಡು ಕಂಡೊಡನೆ ಹಳೆಯ ಚಾಳಿ ಮರಳುತ್ತದೆ.

ಆನ್‌ಲೈನ್‌ನಲ್ಲಿ ಸಿಗುವ ರಬ್ಬರ್ ತಟ್ಟೆ, ತೂಕದ ಬೆಲ್ಟ್‌ಗಳಿಗೆ ದುಡ್ಡು ಸುರಿಯಬೇಡಿ. ಎರಡು ತೂಕದ ಯಂತ್ರಗಳ ಮೇಲೆ ಒಂದೊಂದು ಕಾಲಿಟ್ಟು ಅಳೆಯುವ ಉಪಾಯವೂ ವ್ಯರ್ಥ. ಸ್ವಿಂಗ್ ಮುಗಿದರೂ ಅಂಕಿ ಓಡುತ್ತಲೇ ಇರುತ್ತದೆ. ತಳ ಸವೆದ ಕ್ಯಾನ್ವಾಸ್ ಶೂ ಹುಲ್ಲಿನ ಮೇಲೆ ಜಾರುತ್ತದೆ, ದುಡ್ಡು ಅಲ್ಲಿ ಖರ್ಚು ಮಾಡಿ. ಮೊದಲಿನಿಂದಲೇ ಭಾರವನ್ನೆಲ್ಲ ಎಡಗಾಲಿನ ಮೇಲಿಟ್ಟು ಹೊಡೆಯುವ ಅಡ್ಡದಾರಿ ಗ್ರೀನ್ (ಕುಳಿಯಿರುವ ನುಣುಪು ಹುಲ್ಲಿನ ಜಾಗ) ಪಕ್ಕದ ಚಿಪ್ ಎಂಬ ಗಿಡ್ಡ ಹೊಡೆತಕ್ಕೆ ಚೆನ್ನ. ಪೂರ್ತಿ ಸ್ವಿಂಗ್‌ನಲ್ಲಿ ಹೊಸಬರು ಅದರ ತಂಟೆಗೆ ಹೋಗಬಾರದು.

ಹಂತ 4: ಹೊಡೆದ ಮೇಲೆ ಎಡಗಾಲಿನ ಮೇಲೆ ನಿಂತು, ಬಲಪಾದದ ತುದಿ ಮಾತ್ರ ನೆಲಕ್ಕೆ ತಾಗಿರುವಂತೆ ಮೂರು ಎಣಿಸಿ.

ದೂರ ಹೊಡೆಯುವ ಉದ್ದನೆಯ ಕ್ಲಬ್ಬಾದ ಡ್ರೈವರ್ ಹಿಡಿದಾಗ ಮಣ್ಣಿನ ಗೆರೆಯ ಪರೀಕ್ಷೆ ನಡೆಯದು. ಅಲ್ಲಿ ಚೆಂಡು ಟೀ ಎಂಬ ಚಿಕ್ಕ ಗೂಟದ ಮೇಲೆ, ಎಡ ಹಿಮ್ಮಡಿಯ ನೇರಕ್ಕೆ ಇರುತ್ತದೆ. ಕ್ಲಬ್ ಮಣ್ಣಿಗೆ ತಾಗಲೇಬಾರದು. ಹೆಜ್ಜೆಯ ಅಭ್ಯಾಸ ಮಾತ್ರ ಅದೇ, ಕಾಲಿನ ಅಗಲ ಸ್ವಲ್ಪ ಹೆಚ್ಚಿರಲಿ.