ನೂರು ಎಂಬಿಪಿಎಸ್ ಸಂಪರ್ಕ, ಪರದೆಯಲ್ಲಿ ಹನ್ನೊಂದೇ ಏಕೆ?

ಮೊನ್ನೆ ಪಕ್ಕದ ಮನೆಯ ಹಿರಿಯರು ಲ್ಯಾಪ್‌ಟಾಪ್ ಹಿಡಿದುಕೊಂಡೇ ಬಂದರು. "ನೂರು ಎಂಬಿಪಿಎಸ್‌ಗೆ ತಿಂಗಳು ತಿಂಗಳೂ ದುಡ್ಡು ಕಟ್ಟುತ್ತೇನೆ. ಬರುತ್ತಿರುವುದು ಹನ್ನೊಂದು, ನೀವೇ ನೋಡಿ." ಪರದೆಯ ಮೇಲೆ ಸೆಕೆಂಡಿಗೆ 11.3 ಎಂಬಿ ಎಂದಿತ್ತು. ಅವರಿಗೆ ಮೋಸವಾಗಿರಲಿಲ್ಲ. ಕಾಗದ ಪೆನ್ನು ತೆಗೆದುಕೊಂಡು ನೀವೂ ಲೆಕ್ಕ ತಾಳೆ ನೋಡಬಹುದು.

ಮೊದಲು ಎಂಟರಿಂದ ಭಾಗಿಸಿ. ಸಂಪರ್ಕದ ವೇಗವನ್ನು ಬಿಟ್‌ಗಳಲ್ಲಿ ಹೇಳುತ್ತಾರೆ (ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್), ಡೌನ್‌ಲೋಡ್ ಆಗುವಾಗ ಕಾಣುವುದು ಬೈಟ್‌ಗಳಲ್ಲಿ (ಎಂಬಿ ಎಂದರೆ ಮೆಗಾಬೈಟ್). ಎಂಟು ಬಿಟ್ ಸೇರಿದರೆ ಒಂದು ಬೈಟ್. ನೂರು ಹೋಗಿ 12.5 ಆಯಿತು.

ಮುಂದಿನ ಹೆಜ್ಜೆಯಲ್ಲಿಯೇ ಬಹಳ ಜನ ಎಡವುವುದು. ಜಾಲದ ವೇಗದಲ್ಲಿ ಮೆಗಾ ಎಂದರೆ ಸರಿಯಾಗಿ ಹತ್ತು ಲಕ್ಷ, ಕಂಪ್ಯೂಟರ್ ಮೆಮೊರಿಯ 1024ರ ಲೆಕ್ಕಕ್ಕೆ ಅಲ್ಲಿ ಜಾಗವಿಲ್ಲ. ಉದಾಹರಣೆಗೆ, ಡಿಜಿಟಲ್ ದೂರವಾಣಿಯಲ್ಲಿ ಧ್ವನಿಯನ್ನು ಸೆಕೆಂಡಿಗೆ 8000 ಸಲ ಅಳೆದು, ಪ್ರತಿ ಅಳತೆಗೆ 8 ಬಿಟ್ ಕಳುಹಿಸುತ್ತಿದ್ದರು. ಒಟ್ಟು 64,000 ಬಿಟ್; ಅದೇ 64 ಕೆಬಿಪಿಎಸ್, ಅಂದರೆ ಕಿಲೊಗೆ ಸರಿಯಾಗಿ ಸಾವಿರ. 1024 ಹುಟ್ಟಿದ್ದು ಮೆಮೊರಿ ಚಿಪ್‌ನಲ್ಲಿ. ಅಲ್ಲಿ ವಿಳಾಸಕ್ಕೆ ಒಂದು ಬಿಟ್ ಕೂಡಿಸಿದರೆ ಜಾಗ ಇಮ್ಮಡಿ. ಹತ್ತು ಬಿಟ್‌ಗೆ 1024. ಸಾವಿರಕ್ಕೆ ಹತ್ತಿರವಿದ್ದುದರಿಂದ ಅದನ್ನೂ ಕಿಲೊ ಎಂದೇ ಕರೆದರು. ಈ ಗೊಂದಲ ತಪ್ಪಿಸಲು ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗ 1998ರಲ್ಲಿ 1024ರ ಲೆಕ್ಕಕ್ಕೆ ಕಿಬಿ, ಮೆಬಿ, ಗಿಬಿ ಎಂಬ ಬೇರೆ ಹೆಸರುಗಳನ್ನೇ ಕೊಟ್ಟಿತು. ಮ್ಯಾಕ್ 2009ರಲ್ಲಿ ಕಡತಗಳ ಗಾತ್ರವನ್ನು ಸಾವಿರದ ಲೆಕ್ಕದಲ್ಲಿ ತೋರಿಸತೊಡಗಿತು. ವಿಂಡೋಸ್ ಮಾತ್ರ 1024ರಲ್ಲಿ ಎಣಿಸಿ ಎಂಬಿ, ಜಿಬಿ ಎಂದೇ ಬರೆಯುತ್ತದೆ. ಅಳತೆ ಬೇರೆಯಾದ ಮೇಲೆ ಹೆಸರೂ ಬೇರೆಯಿರಬೇಕಿತ್ತು. ಗ್ರಾಹಕರಿಗೆ ಇದರಿಂದ ಆಗುತ್ತಿರುವ ಕಿರಿಕಿರಿ ಸಣ್ಣದಲ್ಲ.

ಹಿರಿಯರ ಲ್ಯಾಪ್‌ಟಾಪ್ ಎಣಿಸುತ್ತಿದ್ದುದೂ 1024ರಲ್ಲಿ. ಆದ್ದರಿಂದ 1,25,00,000 ಬೈಟ್‌ಗಳನ್ನು 10,48,576ರಿಂದ (1024 × 1024) ಭಾಗಿಸಿ. 11.92 ಬರುತ್ತದೆ.

ಉಳಿದ ಅಷ್ಟಿಷ್ಟು ಹೋಗುವುದು ಸಾಗಣೆಗೆ. ಕಡತ ಬರುವುದು ಪ್ಯಾಕೆಟ್ ಎಂಬ ಸಣ್ಣ ಸಣ್ಣ ತುಂಡುಗಳಾಗಿ. ಎತರ್ನೆಟ್ ತಂತಿಯಲ್ಲಿ 1538 ಬೈಟ್‌ನಷ್ಟು ಜಾಗ ಹಿಡಿಯುವ ಒಂದು ಪ್ಯಾಕೆಟ್‌ನಲ್ಲಿ ನಿಮ್ಮ ಕಡತದ ಪಾಲು ಹೆಚ್ಚೆಂದರೆ 1460. ಮಿಕ್ಕದ್ದು ವಿಳಾಸ, ತಪ್ಪು ಹಿಡಿಯುವ ಅಂಕಿ, ನಡುವಿನ ತೆರವು. ಈ ಪ್ರಮಾಣದಲ್ಲಿ ಇಳಿಸಿದರೆ ಸಿಗುವುದು 11.3. ಹಿರಿಯರ ಪರದೆಯಲ್ಲಿದ್ದ ಅಂಕಿಯೇ ಅದು!

ನಿಮ್ಮ ಮನೆಯಲ್ಲಿ ಇದಕ್ಕಿಂತ ತೀರಾ ಕಡಿಮೆ ಬಂದರೆ ವೈಫೈ ಬಿಟ್ಟು, ಕೇಬಲ್ ಜೋಡಿಸಿ ಮತ್ತೊಮ್ಮೆ ನೋಡಿ. ಆಗಲೂ ಕಡಿಮೆಯಿದ್ದರೆ ದೂರು ಕೊಡಿ. ಆದರೆ ದೂರಿನಲ್ಲಿ ಎಂಬಿ ಬರೆಯಬೇಡಿ. ಪರದೆಯ ಅಂಕಿ 1024ರ ಲೆಕ್ಕದ್ದಾದರೆ 8.39ರಿಂದ, ಸಾವಿರದ ಲೆಕ್ಕದ್ದಾದರೆ 8ರಿಂದ ಗುಣಿಸಿ, ಎಂಬಿಪಿಎಸ್‌ನಲ್ಲಿಯೇ ಬರೆಯಿರಿ.